ಡಾಕ್ಟರ್ ಅಂಕಲ್ ಕಾರಿಗೆ ಇಟ್ಟ ಕುಂಕುಮ

ಆ ದಿನಗಳಲ್ಲಿ ನಮಗೆ ಈ ದೇಶದಲ್ಲಿ ಬೈಯುವವರು ಯಾರೂ ಇರಲಿಲ್ಲ. ಇದೂ ಒಂದು ಕಷ್ಟವೇ ಎಂದು ನೀವು ನಗಬಹುದು. ಮೈಸೂರಿನಲ್ಲಿ ನಮ್ಮನ್ನು ಬೈಯಲು ಜನಕ್ಕೇನೂ ಬರವಿರಲಿಲ್ಲ. ಪಾತ್ರೆ ಇಡಲು ತಡವಾಯಿತೆಂದು ಹಾಲಿನವನು ಅಮ್ಮನನ್ನು ಬೈಯುತ್ತಿದ್ದ. ಕುಂಟೆಬಿಲ್ಲೆ ಆಡಿ ರಂಗೋಲಿ ಅಳಿಸಿದೆನೆಂದು ಎದುರು ಮನೆಯ ಪದ್ಮಮ್ಮ ನನ್ನನ್ನು ಬೈಯುತ್ತಿದ್ದರು. ಅಜ್ಜಿಯಂತೂ ಅಪ್ಪನನ್ನು ಬೈಯದೆ ಬೆಳಗಿನ ಕಾಫಿ ಕುಡಿಯುತ್ತಿರಲಿಲ್ಲ. ಮೆಲ್ಬರ್ನಿನ ಡ್ಯಾಂಡಿನಾಂಗ್‌ಗೆ ಬಂದ ಮೇಲೆ ನೋಡಿದರೆ ಎಲ್ಲರೂ ನಗುವವರೇ. ಅಪ್ಪ ಬಸ್ಸಿನಲ್ಲಿ ತಪ್ಪು ಟಿಕೆಟ್ ತೋರಿಸಿದರೂ ಡ್ರೈವರ್ ‘ನೋ ವರೀಸ್’ ಎಂದು ಮುಂದಕ್ಕೆ ಕಳಿಸುತ್ತಿದ್ದ. ಅಪ್ಪ ಮೆಕ್ಯಾನಿಕಲ್ ಎಂಜಿನಿಯರು. ಇಲ್ಲೇ ನೆಲೆಸಲು ಪಿಆರ್ ಸಿಕ್ಕಿತ್ತು, ಓದಿಗೆ ತಕ್ಕ ಕೆಲಸ ಸಿಕ್ಕಿರಲಿಲ್ಲ. ಒಂದು ವೇರ್‌ಹೌಸಿನಲ್ಲಿ ಡಬ್ಬಗಳನ್ನು ಪ್ಯಾಕ್ ಮಾಡುತ್ತಿದ್ದರು. ರೈಲು ಹೋದಾಗಲೆಲ್ಲ ಕಿಟಕಿ ಗಡಗುಟ್ಟುವ ಒಂದು ಪುಟ್ಟ ಯೂನಿಟ್ಟಿನಲ್ಲಿ ನಾವು ರೆಂಟಿಗಿದ್ದೆವು. ನನಗಾಗ ಒಂಬತ್ತು ವರ್ಷ.

ಆ ಚಳಿಗಾಲದಲ್ಲಿ ನನಗೆ ಕಿವಿನೋವು ಬಂತು. ಅಮ್ಮ ಎರಡು ದಿನ ಕೊಬ್ಬರಿ ಎಣ್ಣೆ ಬಿಸಿ ಮಾಡಿ ಬಿಟ್ಟು ನೋಡಿದಳು, ಕೊನೆಗೆ ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು. ಅಲ್ಲಿದ್ದ ಡಾಕ್ಟರಿಗೆ ಅರವತ್ತರ ಹತ್ತಿರ ಹತ್ತಿರ ವಯಸ್ಸು, ಬೆಳ್ಳಗಿನ ಹುಬ್ಬು, ಟೈ. ನಮ್ಮ ಹೆಸರು ಓದಿ ಒಮ್ಮೆ ತಲೆಯೆತ್ತಿ ನೋಡಿದರು. ಕಿವಿಯೊಳಗೆ ಲೈಟು ಬಿಟ್ಟು ನೋಡಿದವರೇ ಅಚ್ಚ ಮೈಸೂರು ಕನ್ನಡದಲ್ಲಿ ಸಿಡುಕಿದರು.

“ಯಾರಮ್ಮ ಹೇಳಿದ್ದು ಎಣ್ಣೆ ಬಿಡೋಕೆ? ಓದಿದೋರಲ್ವಾ ನೀವು? ಮಗು ಕಿವಿ ಏನು ಬಾಣಲೇನಾ?”

ಅಮ್ಮ ಅಳಲು ಶುರುಮಾಡಿದಳು. ಡಾಕ್ಟರು ಗಾಬರಿಯಾಗಿ ಟಿಶ್ಯೂ ಡಬ್ಬವನ್ನೇ ಅವಳ ಮಡಿಲಿಗೆ ಇಟ್ಟರು. “ಅಯ್ಯೋ, ನಾನು ಸುಮ್ನೆ ಅಂದೆ ಕಣಮ್ಮಾ. ಏನೂ ಆಗಿಲ್ಲ ಮಗೂಗೆ.”

“ಅದಕ್ಕಲ್ಲ ಡಾಕ್ಟ್ರೇ,” ಎಂದಳು ಅಮ್ಮ ಮೂಗು ಒರೆಸಿಕೊಳ್ಳುತ್ತ. “ಯಾರ ಹತ್ರಾನೂ ಹೀಗೆ ಬೈಸ್ಕೊಂಡಿರ್ಲಿಲ್ಲ, ಇಲ್ಲಿಗೆ ಬಂದಾಗಿಂದ.”

ಆ ಭಾನುವಾರವೇ ಅವರು ನಮ್ಮನ್ನು ಊಟಕ್ಕೆ ಕರೆದರು. ಊಟಕ್ಕೆ ಕರೆದರೆಂದರೆ ಅಡುಗೆ ಅಮ್ಮನೇ ಮಾಡಬೇಕಾಯಿತು ಅನ್ನಿ, ಅವರಿಗೆ ಅನ್ನ ಇಡುವುದು ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ಹೆಂಡತಿ ತೀರಿಕೊಂಡಿದ್ದರು. ಒಬ್ಬನೇ ಮಗ ಸಿಡ್ನಿಯಲ್ಲಿದ್ದ. ಬೆಟ್ಟದ ಕಡೆಯ ಸಬರ್ಬಿನಲ್ಲಿ ದೊಡ್ಡ ಮನೆ, ಹಿತ್ತಿಲಲ್ಲಿ ವರ್ಷವಿಡೀ ಕಾಯಿ ಬಿಡುವ ನಿಂಬೆ ಗಿಡ, ಅದರಾಚೆ ತಗಡಿನ ಶೆಡ್ಡು. ಅಂದಿನಿಂದ ಪ್ರತಿ ಭಾನುವಾರ ನಾವು ಅಲ್ಲಿಯೇ. ಅಪ್ಪ ಅವರ ಸೋಫಾದ ಮೇಲೆ ಕಾಲು ಮಡಿಸಿ ಕುಳಿತರೆ ಏಳುತ್ತಿರಲಿಲ್ಲ. ಡಾಕ್ಟರ್ ಅಂಕಲ್ ಬೈಯುವುದನ್ನು ನಿಲ್ಲಿಸುತ್ತಿರಲಿಲ್ಲ. “ಲೇ ಪ್ರಕಾಶ, ಈ ಚಳೀಲಿ ಜಾಕೆಟ್ ಇಲ್ದೆ ಬಂದಿದ್ದೀಯಲ್ಲ, ನ್ಯುಮೋನಿಯಾ ಆದ್ರೆ ನಾನೇ ತಾನೆ ನೋಡ್ಬೇಕು?” ಎನ್ನುತ್ತಿದ್ದರು. ಅಪ್ಪ “ನೀವು ನೋಡಿದ್ರೆ ವಾಸಿ ಆಗೋದೂ ಅನುಮಾನ ಡಾಕ್ಟ್ರೇ” ಎಂದು ನಗುತ್ತಿದ್ದರು. ಮೈಲಾರಿ ದೋಸೆಗೆ ಎಷ್ಟು ಬೆಣ್ಣೆ, ದೇವರಾಜ ಮಾರುಕಟ್ಟೆಯ ಯಾವ ಬಾಗಿಲಲ್ಲಿ ಮಲ್ಲಿಗೆ, ಯಾವ ಬಾಗಿಲಲ್ಲಿ ಬಾಳೆಹಣ್ಣು ಎಂದು ಇಬ್ಬರೂ ಜಗಳಕ್ಕೇ ಬೀಳುತ್ತಿದ್ದರು. ವಾರವೆಲ್ಲ ತಲೆ ತಗ್ಗಿಸಿ ಬರುತ್ತಿದ್ದ ನನ್ನ ಅಪ್ಪ ಆ ಮನೆಯಲ್ಲಿ ಮಾತ್ರ ಜೋರಾಗಿ ಮಾತಾಡುತ್ತಿದ್ದರು.

ಶೆಡ್ಡಿನಲ್ಲಿ ಕಾರಿತ್ತು. ಕ್ಲಿನಿಕ್ಕಿಗೆ ಓಡಿಸುವ ಬಿಳಿ ಕಾರು ಬೇರೆ, ಇದು ಬೇರೆ. ಹೊದಿಕೆ ಸರಿಸಿದ ದಿನ ಅಪ್ಪ ಚಪ್ಪಲಿ ಬಿಟ್ಟು ಒಳಗೆ ಹೋದದ್ದು ನನಗೆ ನೆನಪಿದೆ. ಎಂಜಿನ್ ಇಂಗ್ಲಿಷರದು, ಮೈ ಇಟಲಿಯವರದು. ಇಂಗ್ಲೆಂಡಿನಲ್ಲಿ ಚಕ್ರ, ಚಾಸಿ, ಎಂಜಿನ್ ಮಾಡಿ ಮಿಲಾನ್‌ಗೆ ಕಳಿಸಿದ್ದರಂತೆ. ಅಲ್ಲಿನ ಕಸುಬುದಾರರು ತೆಳ್ಳನೆಯ ಅಲ್ಯೂಮಿನಿಯಂ ತಗಡನ್ನು ಕೈಯಲ್ಲಿ ಬಡಿದು ಬಡಿದು ಅದಕ್ಕೆ ಮೈ ಹೊದಿಸಿದ್ದರಂತೆ. ಪ್ರಪಂಚದಲ್ಲಿ ಇಂಥವು ಬೆರಳಿನಲ್ಲಿ ಎಣಿಸುವಷ್ಟು. ಉದ್ದ ಮೂಗು, ಮೋಟು ಹಿಂಭಾಗ, ಬಂಪರ್ರೇ ಇಲ್ಲ, ಬಣ್ಣ ಬೆಳ್ಳಿ. ಅದೂ ಈಗಿನ ಕಾರುಗಳ ಮಿರಮಿರ ಬೆಳ್ಳಿಯಲ್ಲ, ದಿನಾ ಬಳಸುವ ಪಂಚಪಾತ್ರೆಯ ಮಂಕು ಬೆಳ್ಳಿ.

“ಪುಟ್ಟಿ, ಎರಡೂ ಹೆಡ್‌ಲೈಟ್ ಸರಿಯಾಗಿ ನೋಡು. ಒಂದು ಒಂಚೂರು ಮೇಲಿದೆ ಅಲ್ವಾ? ಈ ಕಡೆದು ಬೆಳಗ್ಗೆ ಬಡಿದಿರ್ತಾನೆ, ಆ ಕಡೆದು ಗಡದ್ದಾಗಿ ಊಟ ಮಾಡ್ಬಂದು ಬಡಿದಿರ್ತಾನೆ,” ಎನ್ನುತ್ತಿದ್ದರು ಅಂಕಲ್.

ಯಾವುದೋ ಕಾಲದಲ್ಲಿ ಅವರ ಪೇಶೆಂಟ್ ಒಬ್ಬ ರೈತನ ಹುಲ್ಲಿನ ಕೊಟ್ಟಿಗೆಯಲ್ಲಿ ಅದು ಬಿದ್ದಿತ್ತಂತೆ. ಸೀಟಿನ ಮೇಲೆ ಕೋಳಿಗಳು ಮೊಟ್ಟೆ ಇಡುತ್ತಿದ್ದವಂತೆ. ಆಗ ಅದಕ್ಕೆ ಬೆಲೆಯೇ ಇರಲಿಲ್ಲ, ಅಂಕಲ್ ಗುಜರಿ ಸಾಮಾನಿನ ಹಾಗೆ ಎತ್ತಿಕೊಂಡು ಬಂದಿದ್ದರು. ಭಾನುವಾರ ಭಾನುವಾರ ಕೂತು ವರ್ಷಗಟ್ಟಲೆ ಎಂಜಿನ್ ರಿಪೇರಿ ಮಾಡಿದ್ದರು. ಆದರೆ ಬಣ್ಣ ಮುಟ್ಟಿರಲಿಲ್ಲ. ಮಿಲಾನ್‌ನಲ್ಲಿ ಹಚ್ಚಿದ ಬಣ್ಣ ಹಾಗೆಯೇ ಇತ್ತು. ಉಜ್ಜಿ ಉಜ್ಜಿ ತೆಳುವಾಗಿತ್ತು, ಅಲ್ಲಲ್ಲಿ ಕೂದಲೆಳೆಯಂಥ ಬಿರುಕು. ಒಳಗೆ ಕೂತರೆ ಚರ್ಮದ ವಾಸನೆ, ಪೆಟ್ರೋಲಿನ ವಾಸನೆ, ಅದರ ಜೊತೆಗೆ ಕೋಳಿಯ ವಾಸನೆಯೂ ಬರುತ್ತದೆಂದು ಅಂಕಲ್ ಹೇಳಿದ್ದರಿಂದ ನಾನು ಮೂಗರಳಿಸಿ ಅದನ್ನೂ ಹುಡುಕಿಕೊಳ್ಳುತ್ತಿದ್ದೆ.

ಆ ವರ್ಷ ನವೆಂಬರಿನಲ್ಲಿ ಸಿಡ್ನಿಯಲ್ಲಿ ಹಳೆಯ ಕಾರುಗಳ ಒಂದು ಕೂಟವಿತ್ತು. ಹುಟ್ಟಿದಾಗಿನ ಬಣ್ಣವನ್ನೇ ಉಳಿಸಿಕೊಂಡ ಕಾರುಗಳಿಗೆ ಅಲ್ಲಿ ಬೇರೆ ಸಾಲು, ಬೇರೆ ಗೌರವ. ಅಂಕಲ್ ಮೊದಲ ಸಲ ಇದನ್ನು ಅಲ್ಲಿಗೆ ಒಯ್ಯುವವರಿದ್ದರು. ಟ್ರಕ್ಕಿನ ಮೇಲಲ್ಲ, ಮೆಲ್ಬರ್ನಿನಿಂದ ಸಿಡ್ನಿಯವರೆಗೆ ಓಡಿಸಿಕೊಂಡು. ಕಾರಿನಲ್ಲಿ ಸೀಟು ಎರಡೇ. ಎಡಗಡೆಯ ಸೀಟಿನಲ್ಲಿ ಆಂಟಿ ಕೂರಬೇಕೆಂದು ಅವರಿಬ್ಬರ ಲೆಕ್ಕವಿತ್ತಂತೆ, ಎಂಜಿನ್ ಸರಿಹೋಗುವುದರೊಳಗೆ ಆಂಟಿ ಹೋಗಿಬಿಟ್ಟರು. ಒಂದು ಭಾನುವಾರ ಹುಳಿಯನ್ನ ತಿನ್ನುತ್ತ ಅಂಕಲ್ ತಟ್ಟೆಯಿಂದ ಕಣ್ಣೆತ್ತದೆ ಕೇಳಿದರು.

“ಲೇ ಪ್ರಕಾಶ, ಆ ಇನ್ನೊಂದು ಸೀಟಲ್ಲಿ ಬರ್ತೀಯೇನೋ? ದಾರೀಲಿ ಬೈಯೋಕೆ ಯಾರಾದ್ರೂ ಬೇಕು ನಂಗೆ.”

ಅಪ್ಪ ಆ ರಾತ್ರಿಯೇ ಪೆಟ್ರೋಲ್ ಬಂಕಿನ ಮ್ಯಾಪೊಂದನ್ನು ನೆಲದ ಮೇಲೆ ಹಾಸಿದರು. ಆಲ್ಬರಿ, ಗುಂಡಗೈ, ಯಾಸ್, ಗೋಲ್ಬರ್ನ್. ನಾನು ಚೌಕಾಬಾರದ ಕವಡೆಯನ್ನು ಕಾರು ಮಾಡಿಕೊಂಡು ಆ ಊರುಗಳ ಮೇಲೆ ಓಡಿಸಿದೆ. ಬಂದಾಗಿನಿಂದ ಅಪ್ಪ ವೇರ್‌ಹೌಸು, ಇಂಡಿಯನ್ ಅಂಗಡಿ, ಯೂನಿಟ್ಟು ಬಿಟ್ಟು ಬೇರೇನೂ ಕಂಡಿರಲಿಲ್ಲ. ಕೆಲಸಕ್ಕೆ ಹೋಗುವಾಗ ಬೂಟಿನ ದಾರ ಕಟ್ಟುತ್ತ “ಗುಂಡಗೈ” ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು. ಅಮ್ಮ ನನ್ನ ಕಡೆ ನೋಡಿ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು.

ವಸಂತ ಬಂತು. ಇಲ್ಲಿ ವಸಂತವೆಂದರೆ ಸೆಪ್ಟೆಂಬರ್, ಅಕ್ಟೋಬರ್. ವ್ಯಾಟಲ್ ಮರಗಳು ಹಳದಿ ಹೂ ಬಿಟ್ಟು ಊರೆಲ್ಲ ಸೀನುತ್ತಿತ್ತು. ಸ್ಕೂಲಿಗೆ ಹೋಗುವ ದಾರಿಯಲ್ಲಿ ಮ್ಯಾಗ್‌ಪೈ ಹಕ್ಕಿಗಳು ಮೊಟ್ಟೆ ಕಾಯುತ್ತ ನಮ್ಮ ತಲೆ ಕುಕ್ಕಲು ಬರುತ್ತಿದ್ದವು, ನಾವು ಐಸ್‌ಕ್ರೀಮ್ ಡಬ್ಬ ಬೋರಲು ಹಾಕಿಕೊಂಡು ಓಡುತ್ತಿದ್ದೆವು. ಆ ಸಮಯಕ್ಕೆ ವಿಸಿಟರ್ ವೀಸಾದ ಮೇಲೆ ಅಜ್ಜಿ ಬಂದರು. ಬಂದವರೇ ಸೀರಿಯಲ್ ಡಬ್ಬಗಳನ್ನು ಮೆಟ್ಟಿಲು ಮಾಡಿ, ಮೇಲೆ ಪಂಚೆ ಹಾಸಿ, ಸೂಟ್‌ಕೇಸಿನಲ್ಲಿ ತಂದ ಪಟ್ಟದ ಬೊಂಬೆ ಕೂರಿಸಿದರು. ಆಯುಧಪೂಜೆ ಹತ್ತಿರವಾದಾಗ ಡಾಕ್ಟರ್ ಅಂಕಲ್ ತಾವೇ ಫೋನ್ ಮಾಡಿದರು.

“ಅಮ್ಮಾ, ನಮ್ಮನೇಲೇ ಮಾಡಿ ಪೂಜೆ. ನನ್ನ ಕಾರಿಗೆ ಒಂದು ಕುಂಕುಮ ಇಟ್ಟಿದ್ದು ನಾನು ಕಾಣೆ. ದೂರದ ದಾರಿ ಹೋಗ್ಬೇಕು ಬೇರೆ.”

ಆ ದಿನ ಬಿಸಿಲು ಚೆನ್ನಾಗಿತ್ತು. ಅಂಕಲ್ ಕಾರನ್ನು ಶೆಡ್ಡಿನಿಂದ ಡ್ರೈವ್‌ವೇಗೆ ತಂದು ನಿಲ್ಲಿಸಿದರು. ಉಗುರುಬಣ್ಣ ಹಚ್ಚಿಕೊಂಡು ನೈವೇದ್ಯಕ್ಕೆ ಕೈ ಹಾಕಿದರೆ ಅಜ್ಜಿ ಬಿಟ್ಟಾರೆಯೇ, ಅಮ್ಮ ಅಲ್ಲಿಯೇ ಬಾತ್‌ರೂಮಿನಲ್ಲಿ ರಿಮೂವರಿನಿಂದ ಅದನ್ನೆಲ್ಲ ತೆಗೆದು ಬಂದು ಹಯಗ್ರೀವಕ್ಕೆ ಬೇಳೆ ಇಟ್ಟಳು. ಸೇವಂತಿಗೆ ಸಿಗದೆ ಅಂಕಲ್ ಹಿತ್ತಿಲ ಕೆಂಪು ಕ್ಯಾಮೆಲಿಯಾ ಹೂಗಳನ್ನೇ ಹಾರ ಮಾಡಿದೆವು. ನಾಲ್ಕೂ ಚಕ್ರದ ಕೆಳಗೆ ಅವರ ಗಿಡದ್ದೇ ನಿಂಬೆಹಣ್ಣು. ಅಜ್ಜಿ ಕುಂಕುಮವನ್ನು ಎಣ್ಣೆಯಲ್ಲಿ ಕಲಸಿ, ಬಾನೆಟ್ಟಿನ ಅಂಚಿನಲ್ಲಿ ಸಣ್ಣದೊಂದು ಬೊಟ್ಟಿಡಲು ಹೋದರು.

“ಅಲ್ಯಾಕಮ್ಮಾ ಮೂಲೇಲಿ? ಎದುರಿಗೆ ಇಡಿ, ದೊಡ್ಡದಾಗಿ ಇಡಿ,” ಎಂದರು ಅಂಕಲ್.

ಅಜ್ಜಿ ಸ್ವಸ್ತಿಕವನ್ನೇ ಬರೆದರು, ನನ್ನ ಅಂಗೈಯಷ್ಟು ಅಗಲ. ಮಂಗಳಾರತಿ ಆಯಿತು. ಅಂಕಲ್ ಎಂಜಿನ್ ಶುರುಮಾಡಿದರೆ ಎದೆಯೊಳಗೇ ಗುಡುಗಿದ ಹಾಗಾಯಿತು. ನಿಂಬೆಹಣ್ಣು ಪಚಕ್ಕೆಂದವು. ನನ್ನನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಬೀದಿಯ ಕೊನೆಯವರೆಗೆ ಹೋಗಿ ಬಂದರು. ನೆರೆಮನೆಯ ಮುದುಕಿಯೊಬ್ಬಳು ನಲ್ಲಿ ಪೈಪು ಹಿಡಿದುಕೊಂಡೇ ನಮಗೆ ಸೆಲ್ಯೂಟ್ ಹೊಡೆದಳು. ಆಮೇಲೆ ಚಿತ್ರಾನ್ನ, ಕೋಸಂಬರಿ, ಹಯಗ್ರೀವ. ಅಪ್ಪ ಇನ್ನೊಂದು ಸಲ ಹಯಗ್ರೀವ ಬಡಿಸಿಕೊಂಡಾಗ ಅಂಕಲ್ “ಹೊಟ್ಟೆ ನೋಡ್ಕೊಳ್ಳೋ, ಆ ಸೀಟು ಇಟಲಿಯೋರ ಸೊಂಟಕ್ಕೆ ಮಾಡಿದ್ದು” ಎಂದರು. ನನ್ನ ಬಾಲ್ಯದಲ್ಲಿ ನಾವೆಲ್ಲ ಒಟ್ಟಿಗೆ ಕೂತು ನಕ್ಕ ಊಟಗಳಲ್ಲಿ ಅದೇ ಕೊನೆಯದು ಎಂದು ಆಗ ಹೇಗೆ ಗೊತ್ತಾಗಬೇಕು?

ಊಟವಾದ ಮೇಲೆ ವಯಸ್ಸಾದ ಪೇಶೆಂಟ್ ಒಬ್ಬರನ್ನು ನೋಡಲು ಅಂಕಲ್ ಹೋದರು. ಅಜ್ಜಿ ಅಡ್ಡಾದರು. ಅಮ್ಮ ಪಾತ್ರೆ ಒರೆಸುತ್ತಿದ್ದಳು. ಅಪ್ಪ ಮತ್ತೊಮ್ಮೆ ಕಾರು ನೋಡಲು ಹೊರಗೆ ಬಂದರು, ಅವರ ಹಿಂದೆ ನಾನು.

ಬಿಸಿಲಿಗೆ ಬಾನೆಟ್ಟು ಕಾದಿತ್ತು. ಕುಂಕುಮದ ಎಣ್ಣೆ ಇಳಿದು ಸ್ವಸ್ತಿಕದ ಸುತ್ತ ಗುಲಾಬಿ ಬಣ್ಣ ಹರಡಿತ್ತು. ಅಪ್ಪ ಕರ್ಚೀಫಿನಿಂದ ಮೆಲ್ಲಗೆ ಒತ್ತಿದರು. ಕುಂಕುಮ ಬಂತು, ಕೆಂಪು ಬರಲಿಲ್ಲ. ಹಳೆಯ ಬಣ್ಣ ಅದನ್ನು ಕುಡಿದುಬಿಟ್ಟಿತ್ತು. ಅಪ್ಪನ ಮುಖ ಬಾಡಿದ್ದನ್ನು ನಾನು ನೋಡಿದೆ. ಒಳಗೆ ಹೋಗಿ ನೀರು ತಂದರು, ಪಾತ್ರೆ ತೊಳೆಯುವ ಸೋಪು ತಂದರು. ಉಜ್ಜಿದಷ್ಟೂ ಗುಲಾಬಿ ಅಗಲವಾಯಿತು.

ಅಮ್ಮ ಬಾಗಿಲಿಗೆ ಬಂದಳು. “ಏನ್ರೀ ಅದು? ಬಿಡ್ರೀ. ಅವ್ರು ಬರ್ಲಿ, ಕೇಳಿ ಮಾಡಿ.”

“ಏನಂತ ಕೇಳ್ಲಿ? ನಿಮ್ಮ ಇಷ್ಟು ವರ್ಷದ ಕಾರನ್ನ ನಮ್ಮಮ್ಮ ಕೆಡಿಸಿದ್ಲು ಅಂತ ಕೇಳ್ಲಾ? ಮುಂದಿನ ತಿಂಗಳು ಸಿಡ್ನಿಗೆ ಹೋಗ್ಬೇಕು. ಅವ್ರು ಬರೋದ್ರೊಳಗೆ ತೆಗೆದುಬಿಡ್ತೀನಿ.”

ಬಾತ್‌ರೂಮಿನಿಂದ ಉಗುರುಬಣ್ಣದ ರಿಮೂವರ್ ತಂದರು. ಅಪ್ಪನಿಗೆ ತಿಳಿಯದ ವಿಷಯವೇನಲ್ಲ, ಎಂಜಿನಿಯರು. ಭಯವಿದ್ದಾಗ ಓದಿದ್ದು ಎಲ್ಲಿ ಹೋಗುತ್ತದೋ. ಬಟ್ಟೆಗೆ ಸುರಿದು ಒಂದು ಸಲ ಒರೆಸಿದರು. ಬಟ್ಟೆ ಗುಲಾಬಿಯಾಯಿತು. ಅಪ್ಪ “ಬಂತು, ಬಂತು” ಎಂದರು. ಎರಡನೆಯ ಸಲ ಒರೆಸಿದಾಗ ಬಟ್ಟೆ ಬೆಳ್ಳಿಯಾಯಿತು. ಅಂಗೈಯಗಲ ಜಾಗದಲ್ಲಿ ಬರೀ ತಗಡು ಪಳಪಳ ಹೊಳೆಯುತ್ತಿತ್ತು. ಮಿಲಾನಿನ ಬಣ್ಣ ಅಪ್ಪನ ಕೈಯ ಬಟ್ಟೆಯಲ್ಲಿತ್ತು. ಗಾಳಿಯಲ್ಲೆಲ್ಲ ರಿಮೂವರಿನ ಘಾಟು. ಆ ವಾಸನೆ ನನಗೆ ಈಗಲೂ ಆಗದು. ಮದುವೆಗೆ ಕೂಡ ನಾನು ಉಗುರಿಗೆ ಬಣ್ಣ ಹಚ್ಚಲಿಲ್ಲ.

ಬಿಳಿ ಕಾರು ಬಂದು ನಿಂತಿತು. ಅಂಕಲ್ ಇಳಿದು ಬಂದರು. ಅಪ್ಪ ಬಟ್ಟೆಯನ್ನು ಬಚ್ಚಿಡಲಿಲ್ಲ, ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ಅಂಕಲ್ ಬಾನೆಟ್ಟು ನೋಡಿದರು, ಬಟ್ಟೆ ನೋಡಿದರು.

“ಕುಂಕುಮ ಯಾಕೋ ಒರೆಸಿದೆ?” ಎಂದರು ತುಂಬಾ ಮೆಲ್ಲಗೆ. “ಇರ್ಲಿ ಅಂತಾನೇ ಇಡಿಸಿದ್ದೆನಲ್ಲೋ ನಾನು.”

ನಾವೆಲ್ಲ ಮುಂದಿನದಕ್ಕೆ ಕಾದೆವು. ಜಾಕೆಟ್ಟಿಗೆ, ನನ್ನ ಕಿವಿಯ ಎಣ್ಣೆಗೆ ಅಷ್ಟು ಬೈದವರು ಇದಕ್ಕೆ ಎಷ್ಟು ಬೈಯಬೇಕು! ಅಂಕಲ್ ಆ ಹೊಳೆಯುವ ಜಾಗದ ಮೇಲೆ ಒಂದು ಬೆರಳು ಆಡಿಸಿದರು. ಆಮೇಲೆ ನಕ್ಕರು. ಇಲ್ಲಿನವರೆಲ್ಲ ನಗುವ ನಗು ಅದು.

“ಪರವಾಗಿಲ್ಲ ಬಿಡಿ ಪ್ರಕಾಶ್. ನೀವೇನು ಬೇಕಂತ ಮಾಡಿದ್ರಾ? ಬನ್ನಿ, ಒಳಗೆ ಬನ್ನಿ, ಟೀ ಕುಡಿಯೋಣ.”

ಅಪ್ಪ ಟೀ ಕುಡಿಯಲಿಲ್ಲ. ಹಿಂದಿರುಗುವಾಗ ಅಜ್ಜಿ ಬಸ್ಸಿನಲ್ಲಿ ಕೇಳಿದರು, “ಇಟ್ಟ ಕುಂಕುಮ ಒರೆಸ್ತಾರೇನೋ ಪ್ರಕಾಶ? ಅವ್ರೇ ಕೇಳಿ ಇಡಿಸ್ಕೊಂಡಿದ್ದಲ್ವೇನೋ.” ಅಪ್ಪ ಕಿಟಕಿಯ ಕಡೆ ತಿರುಗಿಕೊಂಡರು. ಅಜ್ಜಿ ಆ ಮಾತನ್ನು ಮತ್ತೆ ಎಂದೂ ಆಡಲಿಲ್ಲ. ಆದರೆ ಊರಿಗೆ ಹೊರಡುವವರೆಗೂ ಅವರು ಅಪ್ಪನನ್ನು ಬೈಯದೆಯೇ ಕಾಫಿ ಕುಡಿದರು.

ಮುಂದಿನ ವಾರಗಳನ್ನು ನೆನೆದರೆ ನನಗೆ ನಗುವೂ ಬರುತ್ತದೆ, ಸಂಕಟವೂ ಆಗುತ್ತದೆ. ನಮ್ಮ ಜನಕ್ಕೆ ತಪ್ಪಾಯಿತು ಎಂದು ಬಾಯಲ್ಲಿ ಹೇಳಿ ಮುಗಿಸಲು ಬರುವುದಿಲ್ಲ, ಸೇವೆ ಮಾಡಬೇಕು. ಅಪ್ಪ ಶನಿವಾರ ಬೆಳಗ್ಗೆಯೇ ಹೋಗಿ ಅಂಕಲ್ ಮನೆಯ ಹುಲ್ಲು ಕತ್ತರಿಸಿದರು. ಏಣಿ ಹತ್ತಿ ಸೂರಿನ ಗಟರಿನ ಎಲೆ ತೆಗೆದರು. ಅವರ ಬಿನ್ನುಗಳನ್ನು ತೊಳೆದರು, ಕಸದ ಬಿನ್ನು ತೊಳೆದವರನ್ನು ಆ ಬೀದಿ ಅದುವರೆಗೆ ಕಂಡಿರಲಾರದು. ಅಮ್ಮ ವಾರಕ್ಕೆ ಆಗುವಷ್ಟು ಸಾರಿನ ಪುಡಿ, ಚಕ್ಕುಲಿ, ಪಲ್ಯ ಕಟ್ಟಿ ಕಳಿಸಿದಳು. ಅಂಕಲ್ “ಬೇಡ ಪ್ರಕಾಶ್, ಯಾಕೆ ಇಷ್ಟೆಲ್ಲ” ಎನ್ನುತ್ತಿದ್ದರು. ಅಪ್ಪ “ಇರ್ಲಿ ಸರ್” ಎನ್ನುತ್ತಿದ್ದರು. ‘ಡಾಕ್ಟ್ರೇ’ ಎಂದು ಕೀಟಲೆ ಮಾಡುತ್ತಿದ್ದ ಬಾಯಿ ಅದು.

ನನಗೂ ನಿಯಮ ಬಂತು. ಶೆಡ್ಡಿನ ಹತ್ತಿರ ಹೋಗಬೇಡ. ಡ್ರೈವ್‌ವೇಯಲ್ಲಿ ಚಾಕ್‌ಪೀಸಿನಲ್ಲಿ ಗೀಚಬೇಡ. ನಿಂಬೆಹಣ್ಣು ಕೀಳಬೇಡ. ಸೋಫಾದ ಮೇಲೆ ಅಪ್ಪ ಅಂಚಿನಲ್ಲಿ ಕೂರುತ್ತಿದ್ದರು, ಆಸ್ಪತ್ರೆಯಲ್ಲಿ ಹೆಸರು ಕರೆಯುವುದನ್ನು ಕಾಯುವವರ ಹಾಗೆ. ಅಂಕಲ್ ಒಮ್ಮೆ ದೇವರಾಜ ಮಾರುಕಟ್ಟೆಯ ಮಾತು ತೆಗೆದರು, ತಪ್ಪು ಬಾಗಿಲನ್ನೇ ಹೇಳಿದರು. ಬೇಕೆಂದೇ ಹೇಳಿದರು ಎಂದು ಈಗ ಅನ್ನಿಸುತ್ತದೆ. ಅಪ್ಪ “ಹೌದು ಸರ್, ನೀವು ಹೇಳಿದ್ದೇ ಸರಿ” ಎಂದರು. ಅಂಕಲ್ ಟಿವಿ ಹಾಕಿದರು.

ನವೆಂಬರಿನ ಮೊದಲ ವಾರ ಅವರೇ ನಮ್ಮ ಯೂನಿಟ್ಟಿಗೆ ಬಂದರು. ಮೊದಲ ಸಲ ಬಂದದ್ದು. ಅಮ್ಮ ಒಂದೇ ಒಂದು ಕುರ್ಚಿಯನ್ನು ಸೆರಗಿನಿಂದ ಒರೆಸಿ ಹಾಕಿದಳು.

“ಶುಕ್ರವಾರ ಬೆಳಗ್ಗೆ ಹೊರಡೋಣ ಪ್ರಕಾಶ್,” ಎಂದರು. “ಕೂಟದೋರಿಗೆ ಫೋನ್ ಮಾಡಿ ಹೇಳಿದ್ದೀನಿ. ಆ ಸಾಲಲ್ಲಿ ನಿಲ್ಲಿಸೋಕಾಗಲ್ವಂತೆ, ಬೇರೆ ಸಾಲಲ್ಲಿ ನಿಲ್ಲಿಸ್ಬಹುದಂತೆ. ಯಾವ ಸಾಲಾದ್ರೇನು, ದಾರಿ ಅದೇ ತಾನೆ?”

ಅಪ್ಪ ನೆಲ ನೋಡುತ್ತ ನಿಂತಿದ್ದರು. “ನಾನು ಬರಲ್ಲ ಸರ್. ಯಾವ ಮುಖ ಇಟ್ಕೊಂಡು ಆ ಸೀಟಲ್ಲಿ ಕೂರ್ಲಿ?”

“ಬರ್ಬೇಕು ನೀವು.”

“ಬೇಡ ಸರ್. ದಯವಿಟ್ಟು.”

ಅಂಕಲ್ ಇನ್ನೊಂದು ಮಾತು ಆಡುತ್ತಾರೆಂದು ನಾನು ಬಾಗಿಲ ಸಂದಿಯಿಂದ ಅವರ ಮುಖವನ್ನೇ ನೋಡುತ್ತಿದ್ದೆ. ಏಯ್, ಸಾಕು ಸುಮ್ನಿರೋ, ಬ್ಯಾಗ್ ತಗೊಂಡು ಬಾ ಎನ್ನಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅಂದಿದ್ದರೆ ಅಪ್ಪ ಹೋಗುತ್ತಿದ್ದರು, ನನಗೆ ಗೊತ್ತು. ಅಂಕಲ್ ಕಾಫಿ ಕುಡಿದು, ಲೋಟವನ್ನು ತಾವೇ ಸಿಂಕಿನಲ್ಲಿಟ್ಟು, ಅಮ್ಮನಿಗೆ ಥ್ಯಾಂಕ್ಸ್ ಹೇಳಿ ಹೋದರು. ಆ ಶುಕ್ರವಾರ ಅವರೂ ಹೋಗಲಿಲ್ಲವೆಂದು ಆಮೇಲೆ ತಿಳಿಯಿತು. ಮ್ಯಾಪನ್ನು ಅಪ್ಪ ಯಾವಾಗ ಎತ್ತಿ ಎಸೆದರೋ ನಾನು ನೋಡಲಿಲ್ಲ.

ಆಮೇಲೆ ಅಪ್ಪನಿಗೆ ಎಂಜಿನಿಯರ್ ಕೆಲಸ ಸಿಕ್ಕಿತು. ಊರಿನ ಇನ್ನೊಂದು ತುದಿಯ ವಿಂಡಮ್ ವೇಲ್‌ನಲ್ಲಿ ಹೊಸ ಬಡಾವಣೆ, ಮಾರ್ಟ್‌ಗೇಜು, ಮನೆ. ದೂರವಾಯಿತಲ್ಲ ಎಂದು ಹೇಳಿಕೊಳ್ಳಲು ನಮಗೊಂದು ಕಾರಣ ಸಿಕ್ಕಿತು. ಗೃಹಪ್ರವೇಶಕ್ಕೆ ಅಂಕಲ್ ಬಂದರು, ಬೆಳ್ಳಿ ದೀಪ ಕೊಟ್ಟರು, ಅಪ್ಪ ಅವರನ್ನು ಎಲ್ಲರಿಗಿಂತ ಮೊದಲ ಪಂಕ್ತಿಯಲ್ಲಿ ಕೂರಿಸಿ ಬಡಿಸಿದರು. ಆಮೇಲೆ ದೀಪಾವಳಿಗೆ ಫೋನು. ಆಮೇಲೆ ಮೆಸೇಜು.

ಈಗ ನಾನು ಸಿಡ್ನಿಯಲ್ಲಿದ್ದೇನೆ, ನಾರ್ವೆಸ್ಟಿನಲ್ಲಿ ಆಫೀಸು. ಡಾಕ್ಟರ್ ಅಂಕಲ್ ಮಗನ ಮನೆಗೆ ಬಂದಿದ್ದಾರೆಂದೂ, ಅದು ನನ್ನ ಆಫೀಸಿನಿಂದ ದೂರವೇನಲ್ಲವೆಂದೂ ಅಮ್ಮ ಹೇಳಿ ಬಹಳ ದಿನವಾಗಿತ್ತು. ಈ ವಾರ, ಬರುವ ವಾರ ಎಂದುಕೊಂಡೇ ಕಾಲ ಹಾಕಿದೆ. ಹಿಂದಿನ ತಿಂಗಳು ಅಪ್ಪ ನಮ್ಮ ಮನೆಗೆ ಬಂದಾಗ ಒತ್ತಾಯ ಮಾಡಿ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಅಪ್ಪ “ಹಣ್ಣು ಸಾಕಾ? ಸ್ವೀಟ್ ತಗೋಬೇಕಿತ್ತಾ?” ಎಂದು ಕೇಳುತ್ತಲೇ ಇದ್ದರು.

ಅಂಕಲ್ ತುಂಬಾ ಸಣ್ಣಗಾಗಿದ್ದಾರೆ. ಹುಬ್ಬು ಮಾತ್ರ ಹಾಗೆಯೇ ಇದೆ. ಮಗ, ಸೊಸೆ ಕೆಲಸಕ್ಕೆ ಹೋಗಿದ್ದರು. ಕಾರು ಮಾರಿದರಂತೆ. “ಬೇಕಾದೋರು ತಗೊಂಡ್ರು. ಎರಡು ಸೀಟಿನ ಕಾರು, ಒಬ್ಬನೇ ಎಲ್ಲಿಗೆ ಹೋಗ್ಲಿ?” ಎಂದರು ನನಗೆ. ಅಪ್ಪ ಅದನ್ನು ಕೇಳಿ ತಲೆ ತಗ್ಗಿಸಿದರು. ಮೂವರೂ ಹವೆಯ ಬಗ್ಗೆ ಮಾತಾಡಿದೆವು, ಸಿಡ್ನಿಯ ಟೋಲ್ ಬಗ್ಗೆ ಮಾತಾಡಿದೆವು. ನಾನು ಕಾಫಿ ಮಾಡಿ ಕೊಟ್ಟೆ. ಕುಡಿದು ಮುಗಿಯುತ್ತಿದ್ದಂತೆ ಅಪ್ಪ ಎದ್ದು ಲೋಟಗಳನ್ನು ಎತ್ತಿಕೊಂಡರು. ಡಿಶ್‌ವಾಶರ್ ಇದೆ ಎಂದರೂ ಕೇಳದೆ ಅಡಿಗೆಮನೆಗೆ ಹೋದರು. ನಲ್ಲಿಯ ಸದ್ದು ಕೇಳಿಸಿತು.

ಅಂಕಲ್ ನನ್ನ ಕೈ ಹಿಡಿದುಕೊಂಡರು.

“ಪುಟ್ಟಿ, ನಿಜ ಹೇಳು. ಅವತ್ತು ನಾನು ಚೆನ್ನಾಗಿ ಬೈದುಬಿಟ್ಟಿದ್ರೆ ಸರಿಹೋಗ್ತಿತ್ತೇನಮ್ಮಾ? ತುಂಬಾ ಸಿಟ್ಟು ಬಂದಿತ್ತು ನಂಗೆ. ಬಾಯಿ ತೆರೆದ್ರೆ ಏನೇನು ಬಂದುಬಿಡುತ್ತೋ ಅಂತ ಹೆದರಿ ನಕ್ಕುಬಿಟ್ಟೆ. ನಗಬಾರದಿತ್ತು. ಅವನು ಆವಾಗ್ಲೇ ಎದ್ದು ಹೋದ, ಆಮೇಲೆ ಬರ್ತಿದ್ದೋನು ಬೇರೆ ಯಾರೋ.”

“ಬೈಬೇಕಿತ್ತು ಅಂಕಲ್,” ಎಂದೆ.

ಅಪ್ಪನಿಗೆ ಈಗ ಏನು ಕಡಿಮೆ? ಮಾರ್ಟ್‌ಗೇಜ್ ತೀರಿದೆ, ಸಿಟಿಜನ್‌ಶಿಪ್ ಇದೆ, ಕನ್ನಡ ಸಂಘದವರು ರಾಜ್ಯೋತ್ಸವಕ್ಕೆ ವೇದಿಕೆಯ ಮೇಲೆ ಕರೆದು ಶಾಲು ಹೊದಿಸುತ್ತಾರೆ. ಎಲ್ಲರೂ ಅವರನ್ನು ಪ್ರಕಾಶ್ ಸರ್ ಎನ್ನುತ್ತಾರೆ. ಅಜ್ಜಿ ಹೋದ ಮೇಲೆ ‘ಲೇ’ ಎನ್ನುವವರು ಯಾರೂ ಉಳಿದಿಲ್ಲ. ಸೋಫಾದ ಮೇಲೆ ಕಾಲು ಮಡಿಸಿ ಕೂತು, ತಪ್ಪು ಹೇಳಿ, ಬೈಸಿಕೊಂಡು, ಎದುರು ಮಾತಾಡಿ ನಗಬಹುದಾದ ಇನ್ನೊಂದು ಮನೆ ಈ ದೇಶದಲ್ಲಿ ಅವರಿಗೆ ಸಿಗಲಿಲ್ಲ. ಬಣ್ಣ ಹೋಗಿದ್ದು ಅಂಗೈಯಗಲ. ಅದನ್ನು ಸರಿಮಾಡಲು ಹೋಗಿ ನಾವೆಲ್ಲ ಸೇರಿ ಉಜ್ಜಿ ಕಳೆದದ್ದು ಇದನ್ನು. ನಾನು ಮಗು ಎಂದು ಸುಮ್ಮನಿದ್ದೆ, ದೊಡ್ಡವಳಾದ ಮೇಲೆ ಯಾವ ನೆಪದಲ್ಲಿ ಸುಮ್ಮನಿದ್ದೆ?

ಒಳಗೆ ನಲ್ಲಿ ಇನ್ನೂ ಹರಿಯುತ್ತಲೇ ಇತ್ತು. ತೊಳೆಯಲು ಇದ್ದದ್ದು ಮೂರೇ ಲೋಟ. ಅಂಕಲ್ ನನ್ನ ಕೈ ಬಿಟ್ಟು, ಕುರ್ಚಿಯಲ್ಲಿ ಸ್ವಲ್ಪ ಮುಂದಕ್ಕೆ ಸರಿದು, ಅಡಿಗೆಮನೆಯ ಕಡೆ ತಿರುಗಿ ಉಸಿರೆಳೆದುಕೊಂಡರು. ಈಗ ಕೂಗುತ್ತಾರೆ, ಲೇ ಪ್ರಕಾಶ ಬಂದು ಕೂತ್ಕೊಳ್ಳೋ ಎಂದು ಈಗಲಾದರೂ ಬೈಯುತ್ತಾರೆ ಎಂದು ನಾನು ಉಸಿರು ಹಿಡಿದೆ.

“ತುಂಬಾ ಥ್ಯಾಂಕ್ಸ್ ಪ್ರಕಾಶ್,” ಎಂದರು ಅಂಕಲ್. “ನಿಮಗೆ ಸುಮ್ನೆ ತೊಂದರೆ.”